ಹತ್ತು ನಿಮಿಷದ ನಾಟಕಕ್ಕೆ ಇಷ್ಟೊಂದು ತಾಲೀಮು ಯಾಕೆ? ಕಾರವಾರದಿಂದ ಒಬ್ಬ ನಟ

ಕೋಡಿಬಾಗದವ

ನಮಸ್ಕಾರ. ಆಗಸ್ಟ್‌ನಲ್ಲಿ ಕಾರವಾರದಲ್ಲಿ ಕಿರುನಾಟಕಗಳ ಹಬ್ಬ ಒಂದು ಆಗಲಿಕ್ಕಿದೆ. ಒಂದೊಂದು ನಾಟಕಕ್ಕೆ 10 ನಿಮಿಷ. ಹತ್ತು ಅಂದರೆ ಹತ್ತೇ. ಮೀರಿದರೆ ಮಾತಿನ ನಡುವೆ ಇದ್ದರೂ ಲೈಟ್ ಆರಿಸುತ್ತಾರೆ. ಎರಡು ನಾಟಕಗಳ ನಡುವೆ 2 ನಿಮಿಷ. ಅಷ್ಟರೊಳಗೆ ಹಿಂದಿನ ತಂಡದ ಸಾಮಾನು ಹೊರಗೆ ಹೋಗಬೇಕು, ನಮ್ಮದು ಒಳಗೆ ಬರಬೇಕು. ಅದರಲ್ಲಿ ಒಂದು ನಾಟಕದಲ್ಲಿ ನಾನಿದ್ದೇನೆ. ಮಳೆ ಹಿಡಿದಾಗಿನಿಂದ ತಾಲೀಮು ನಡೆಯುತ್ತಿದೆ.

ಮನೆಯಲ್ಲಿ, ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. "ಹತ್ತು ನಿಮಿಷಕ್ಕೆ ಎಷ್ಟು ದಿನ ಪ್ರಾಕ್ಟೀಸ್ ಮಾರಾಯಾ?" ಉತ್ತರ ಹೇಳಿ ಹೇಳಿ ಸಾಕಾಯ್ತು. ಇಲ್ಲಿ ನಾಟಕದವರು ಸುಮಾರು ಜನ ಇದ್ದೀರಿ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಾನು ಜಾತ್ರೆ ನಾಟಕಗಳಲ್ಲಿ ಪಾತ್ರ ಮಾಡಿಕೊಂಡು ಬಂದವನು. ರಾತ್ರಿ ಹತ್ತರ ಮೇಲೆ ಶುರು, ಮುಗಿಯುವಾಗ ಕೋಳಿ ಕೂಗುವ ಹೊತ್ತು. ಅಲ್ಲಿ ಮೊದಲ ದೃಶ್ಯ ಅಂದರೆ ಜನ ಕುರ್ಚಿ ಹುಡುಕುವ ಸಮಯ. ಶೇಂಗಾ ಪೊಟ್ಟಣ ಬಿಚ್ಚುತ್ತಾ ಇರುತ್ತಾರೆ, ಮಕ್ಕಳು ಅಳುತ್ತಾ ಇರುತ್ತವೆ, ಮೈಕ್ ಕುಂಯ್ ಅನ್ನುತ್ತಾ ಇರುತ್ತದೆ. ನಟನಿಗೂ ಅದೇ ಬೇಕು. ಒಂದೆರಡು ದೃಶ್ಯ ಆಗುವಷ್ಟರಲ್ಲಿ ದನಿ ಕೂರುತ್ತದೆ, ಕೈ ನಡುಗುವುದು ನಿಲ್ಲುತ್ತದೆ, ಪಾತ್ರ ಮೈಗೆ ಹತ್ತುತ್ತದೆ. ಹತ್ತು ನಿಮಿಷದ ನಾಟಕದಲ್ಲಿ ಪಾತ್ರ ಮೈಗೆ ಹತ್ತುವಷ್ಟರಲ್ಲಿ ಜನ ಚಪ್ಪಾಳೆ ತಟ್ಟಿ ಮುಗಿದಿರುತ್ತದೆ. ಲೈಟ್ ಬರುವ ಮೊದಲೇ ಆ ಮನುಷ್ಯ ಅಲ್ಲಿ ಇರಬೇಕು. ನಮ್ಮ ತಾಲೀಮಿನ ಮುಕ್ಕಾಲು ಪಾಲು ಇದಕ್ಕೇ ಹೋಗಿದೆ.

ಕತೆ ಇಷ್ಟೇ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ಬಂದ್ ಅಲ್ವಾ, ಆ 61 ದಿನಗಳಲ್ಲಿ ಒಂದು ಮಧ್ಯಾಹ್ನ. ಬೈತಖೋಲ ಬಂದರಿನ ವಯಸ್ಸಾದ ತಾಂಡೇಲ, ಅಂದರೆ ಬೋಟು ನಡೆಸುವವ, ಒಬ್ಬ ಜಗಲಿಯಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದಾನೆ. ಗೋವಾದಲ್ಲಿ ಕೆಲಸದಲ್ಲಿರುವ ಮಗಳು ಬಂದಿದ್ದಾಳೆ. ಬೋಟು ಮಾರಿಬಿಡು ಅಂತ ಹೇಳಲಿಕ್ಕೇ ಬಂದವಳು. ಮಾರುತ್ತಾನಾ ಇಲ್ಲವಾ ಅಂತ ನಾಟಕ ಹೇಳುವುದಿಲ್ಲ. ನಾನು ತಾಂಡೇಲ. ಮಗಳ ಪಾತ್ರಕ್ಕೆ ಕಾಲೇಜಿಗೆ ಹೋಗುವ ಹುಡುಗಿ, ಸ್ಟೇಜ್ ಹತ್ತುವುದು ಇದೇ ಮೊದಲು.

ಮೊದಲ ಸಲ ಓದಿದಾಗ 14 ನಿಮಿಷ ಬಂತು. ಬೇಗ ಬೇಗ ಹೇಳಿದರೆ ಆಯ್ತು ಅಂತ ನಾನು. ನಿರ್ದೇಶಕರು ಮಾತಾಡದೆ ಪೆನ್ಸಿಲ್ ತೆಗೆದರು. ನನಗೆ ಒಂದು ಪುಟದಷ್ಟು ಮಾತಿತ್ತು. ಹೆಂಡತಿಯ ಬಂಗಾರ ಅಡವಿಟ್ಟು ಬೋಟು ತಂದದ್ದು, ಅವಳು ತೀರಿಹೋದ ವರ್ಷ ತಾನು ಕಡಲಿಗೆ ಇಳಿಯದೇ ಇದ್ದದ್ದು, ಸಾಲ, ಎಲ್ಲ. ಜಾತ್ರೆಯಲ್ಲಾದರೆ ಆ ಮಾತಿಗೆ ಮೇಲಿಂದ ಮೇಲೆ ಚಪ್ಪಾಳೆ. ಅದು ಪೂರ್ತಿ ಹೋಯ್ತು. ಈಗ ಏನು ಉಳಿದಿದೆ ಅಂದರೆ, ಮಗಳು "ಅಮ್ಮ ಇದ್ದಿದ್ದರೆ" ಅನ್ನುತ್ತಾಳೆ, ನನ್ನ ಸೂಜಿ ನಿಲ್ಲುತ್ತದೆ. ಸ್ವಲ್ಪ ಹೊತ್ತು. ಮತ್ತೆ ಹೆಣೆಯುತ್ತೇನೆ. ನಿರ್ದೇಶಕರ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಆದರೆ ಆ ಜಾಗದಲ್ಲಿ ನೋಡುತ್ತಾ ಕೂತವರು ಉಸಿರು ಹಿಡಿಯುವುದು ನನಗೆ ಕೇಳುತ್ತದೆ.

ಇನ್ನು ಬಲೆ. ಸುಮ್ನೆ ಕೈ ಆಡಿಸಿದರೆ ಕಾರವಾರದಲ್ಲಿ ನಡೆಯುವುದಿಲ್ಲ. ನೋಡಲು ಬರುವವರಲ್ಲಿ ಸುಮಾರು ಜನಕ್ಕೆ ಬಲೆ ಗೊತ್ತು. ಬೋಟು ನಿಲ್ಲುವ ದಕ್ಕೆಗೆ ಹೋಗಿ ಕಲಿತೆ. ಕಲಿಸಿದ ಅಜ್ಜ ಮೊದಲು ಸೂಜಿ ಕೊಡಲೇ ಇಲ್ಲ, ಕತ್ತರಿ ಕೊಟ್ಟರು. ಹರಿದ ಜಾಗದ ಸುತ್ತ ಜೋತು ಬಿದ್ದ ದಾರ ಎಲ್ಲ ಕತ್ತರಿಸಬೇಕು. ತೂತು ಇನ್ನೂ ದೊಡ್ಡದಾಗುತ್ತದೆ, ಆಗಲಿ. ಗಟ್ಟಿ ಗಂಟು ಸಿಕ್ಕ ಮೇಲೆ ಅಲ್ಲಿಂದ ಹೆಣಿಗೆ. ಬಲೆಯ ಒಂದು ಕಣ್ಣನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿಯಬೇಕು. ಸೂಜಿ ಕೆಳಗಿನಿಂದ ಕಣ್ಣಿನೊಳಗೆ ಬರಬೇಕು, ದಾರವನ್ನು ಕೈಯ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಹಿಂದಿನಿಂದ ಸುತ್ತಿ ತಂದು ಬಿಗಿಯಬೇಕು. ನೈಲಾನ್ ದಾರ ಜಾರುತ್ತದೆ. ಗಂಟು ಸರಿಯಾಗಿ ಕೂತಿತಾ ಇಲ್ಲವಾ ಅಂತ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಈಗ ಯಾವ ಮಾತು ಯಾವ ಗಂಟಿಗೆ ಬರಬೇಕು ಅಂತ ಕೂರಿಸಿಕೊಂಡಿದ್ದೇವೆ. ಮಾತು ಓಡಿದರೆ ಕೈ ಹಿಂದೆ ಬೀಳುತ್ತದೆ, ಅಲ್ಲೇ ಸಿಕ್ಕಿಬೀಳುತ್ತೇನೆ.

ನಿಮ್ಮಲ್ಲಿ ಇಂಥ ಕಿರುನಾಟಕ ಮಾಡಿದವರು ಇದ್ದೀರಾ? ಆ ಮೊದಲ ಅರ್ಧ ನಿಮಿಷಕ್ಕೆ ನೀವು ಹೇಗೆ ತಯಾರಾಗುತ್ತೀರಿ?

ಕುಮಟಾ ಮಾಸ್ತರು

ತಮ್ಮಾ, ಬರೆದದ್ದು ಚೆಂದ ಇದೆ. ಆದರೆ ನನಗೆ ಒಂದು ಅನುಮಾನ. ಹತ್ತು ನಿಮಿಷ ನಾಟಕವಾ, ನಾಟಕದ ತುಣುಕಾ? ನಮ್ಮ ಕಡೆ ಯಕ್ಷಗಾನದಲ್ಲಿ ವೇಷದ ಒಡ್ಡೋಲಗಕ್ಕೇ, ಅಂದರೆ ರಂಗಕ್ಕೆ ಬರುವ ಕುಣಿತಕ್ಕೇ, ಹತ್ತು ನಿಮಿಷ ಸಾಲುತ್ತಿರಲಿಲ್ಲ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಒಳ್ಳೆ ಅರ್ಥಧಾರಿ ಕೂತರೆ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳುತ್ತಾನೆ, ಯಾರೂ ಎದ್ದು ಹೋಗುವುದಿಲ್ಲ.

ಕತ್ತರಿಸುವುದು ನಾವು ಯಕ್ಷಗಾನದಲ್ಲೇ ನೋಡಿ ಆಗಿದೆ. ಗುಣವಂತೆಯ ಕೆರೆಮನೆ ಮೇಳ ಶುರುವಾದ 1934ರ ಕಾಲದಲ್ಲಿ ಆಟ ಅಂದರೆ ಇಡೀ ರಾತ್ರಿ. ಈಗ ಎಲ್ಲಿ ನೋಡಿದರೂ ಕಾಲಮಿತಿ. ಮೂರು ಗಂಟೆಯಲ್ಲಿ ಪ್ರಸಂಗ ಮುಗಿಯಬೇಕು. ಮೊದಲು ಹೋದದ್ದು ಪ್ರಸಂಗಕ್ಕೆ ಮುಂಚಿನ ಕುಣಿತಗಳು, ಪೂರ್ವರಂಗ. ಕೋಡಂಗಿ ಇಲ್ಲ, ಬಾಲಗೋಪಾಲ ಇಲ್ಲ, ಪೀಠಿಕೆ ಸ್ತ್ರೀವೇಷ ಇಲ್ಲ. ಹೊಸ ಹುಡುಗರು ಕುಣಿದು ಕಾಲು ಪಳಗಿಸಿಕೊಳ್ಳುತ್ತಿದ್ದ ಜಾಗವೇ ಅದು. ಹತ್ತು ನಿಮಿಷಕ್ಕೆ ಇಳಿಸಿದರೆ ಇನ್ನೇನು ಉಳಿಯುತ್ತದೆ ಅಂತ ನನ್ನ ಪ್ರಶ್ನೆ.

ಶಿರಸಿ ಮಾಣಿ

ಮಾಸ್ತರ್ರೇ, ಕಾಲಮಿತಿ ಬೇರೆ, ಇದು ಬೇರೆ. ಅಲ್ಲಿ ದೊಡ್ಡದನ್ನು ಕತ್ತರಿಸಿ ಸಣ್ಣದು ಮಾಡಿದ್ದಾರೆ. ಇಲ್ಲಿ ಬರೆಯುವಾಗಲೇ ಹತ್ತು ನಿಮಿಷಕ್ಕೆ ಅಂತ ಬರೆಯುತ್ತಾರೆ. ಬರೆದವರಿಗೆ ಹತೋಟಿ ತಪ್ಪಿ ಹದಿನಾಲ್ಕಾದರೆ ಅದು ಅವರ ತಲೆನೋವು.

ಇದು ಹೊಸದೂ ಅಲ್ಲ. ಅಮೆರಿಕದ ಲೂಯಿವಿಲ್ ಊರಿನ ಆಕ್ಟರ್ಸ್ ಥಿಯೇಟರ್‌ನವರು ತಮ್ಮ ಹ್ಯುಮಾನಾ ಹಬ್ಬದಲ್ಲಿ ಹತ್ತು ನಿಮಿಷದ ನಾಟಕಗಳನ್ನು ಆಡಿಸಿ ಆಡಿಸಿ ಜನಪ್ರಿಯ ಮಾಡಿದರು. ಸಿಡ್ನಿಯಲ್ಲಿ 2002ರಲ್ಲಿ ಶಾರ್ಟ್ ಆಂಡ್ ಸ್ವೀಟ್ ಅಂತ ಹಬ್ಬವೇ ಶುರುವಾಯ್ತು, ಪೂರ್ತಿ ಹತ್ತು ನಿಮಿಷದವುಗಳೇ. ಅದು ಆಮೇಲೆ ಚೆನ್ನೈ, ದೆಹಲಿಗೂ ಬಂತು. ಇನ್ನೂ ಸಣ್ಣದು ಬೇಕಾದರೆ ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್ ಇದ್ದಾನೆ. 1969ರಲ್ಲಿ ಆಡಿದ ಅವನ 'ಬ್ರೆತ್' ಒಂದು ನಿಮಿಷವೂ ಇಲ್ಲ, ಅದರಲ್ಲಿ ಸ್ಟೇಜ್ ಮೇಲೆ ನಟರೇ ಇಲ್ಲ. ತಾಲೀಮಿನ ಗಲಾಟೆಯೇ ಇಲ್ಲ ನೋಡಿ.

ನಾನು ಬೆಂಗಳೂರಲ್ಲಿ ಓದುವಾಗ ಇಂಥದ್ದರಲ್ಲಿ ಆಡಿದ್ದೇನೆ. ನಮ್ಮದು ತಮಾಷೆ ನಾಟಕ. ಕೋಡಿಬಾಗದ ಅಣ್ಣನಿಗೆ ಒಂದು ಎಚ್ಚರಿಕೆ: ತಾಲೀಮಿನಲ್ಲಿ ಯಾರೂ ನಗುವುದಿಲ್ಲ. ಎಲ್ಲರಿಗೂ ಜೋಕು ಬಾಯಿಪಾಠ ಆಗಿರುತ್ತದೆ. ಶೋ ದಿನ ಜನ ನಗುತ್ತಾರೆ, ನೀವು ನಗು ಇಳಿಯುವ ತನಕ ಕಾಯಬೇಕು. ಒಂದೊಂದು ನಗುವಿಗೆ ಮೂರ್ನಾಲ್ಕು ಸೆಕೆಂಡ್ ಅಂದರೂ ಲೆಕ್ಕ ಹಾಕಿ. ನಮ್ಮ ಪಕ್ಕದ ತಂಡದವರು ತಾಲೀಮಿನಲ್ಲಿ ಒಂಬತ್ತೂವರೆಗೆ ಕೂರಿಸಿಕೊಂಡು ಬಂದಿದ್ದರು, ಶೋ ದಿನ ಹತ್ತು ದಾಟಿತು. ಕೊನೆಯ ಮಾತು ಕತ್ತಲೆಯಲ್ಲಿ ಹೇಳಿದರು. ಜನ ಅದನ್ನೂ ನಾಟಕದ ಭಾಗ ಅಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು, ಅದು ಬೇರೆ ವಿಷಯ.

ನಿಮ್ಮದು ಗಂಭೀರ ನಾಟಕ ಆದರೂ ಒಂಬತ್ತಕ್ಕೆ ನಿಲ್ಲಿಸಿ. ಮೌನವೂ ಶೋ ದಿನ ಉದ್ದ ಆಗುತ್ತದೆ. ಜನ ಹಿಡಿತಕ್ಕೆ ಸಿಕ್ಕಿದ್ದಾರೆ ಅಂತ ಗೊತ್ತಾದರೆ ನಟ ಬಿಡುವುದಿಲ್ಲ. ನಾವೆಲ್ಲ ಹಾಗೇ ಅಲ್ವಾ.

ಕುಮಟಾ ಮಾಸ್ತರು

ನಟರೇ ಇಲ್ಲದ ನಾಟಕವಾ! ಅದಕ್ಕೂ ಟಿಕೆಟ್ ಇತ್ತಾ?

ಅಂಕೋಲೆ ಅಕ್ಕ

ಮೊದಲ ಅರ್ಧ ನಿಮಿಷದ ಬಗ್ಗೆ ಕೇಳಿದ್ದೀರಿ. ನನ್ನ ಉತ್ತರ ಸುಲಭದ್ದು: ಮಾತು ಬಾಯಿಪಾಠ ಮಾಡುವ ಮೊದಲು, ಲೈಟ್ ಬರುವುದಕ್ಕಿಂತ ಐದು ನಿಮಿಷ ಹಿಂದೆ ಪಾತ್ರ ಏನು ಮಾಡುತ್ತಿತ್ತು ಅಂತ ತಾಲೀಮಿನಲ್ಲಿ ಆಡಿ ನೋಡಿ. ಬರೆಯದೇ ಇದ್ದ ಭಾಗ. ನಿಮ್ಮ ತಾಂಡೇಲ ಊಟ ಮಾಡಿದ್ದಾನಾ? ಮಗಳು ಬರುತ್ತಾಳೆ ಅಂತ ಗೊತ್ತಿತ್ತಾ? ಮಳೆಗೆ ಜಗಲಿಯ ಯಾವ ಕಡೆ ಎರಚಲು ಹೊಡೆಯುತ್ತದೆ? ಆ ಹುಡುಗಿಗೂ ಕೇಳಿ, ಅವಳು ಬಸ್ಸಿನಿಂದ ಇಳಿದು ನಡೆದು ಬಂದಳಾ, ರಿಕ್ಷಾದಲ್ಲಿ ಬಂದಳಾ? ಕೊಡೆ ಒದ್ದೆ ಇದ್ದರೆ ಎಲ್ಲಿ ಇಡುತ್ತಾಳೆ? ಅವಳು ಈ ಮನೆಯವಳೋ ಈಗ ನೆಂಟಳೋ ಅಂತ ಕೊಡೆ ಇಡುವ ಜಾಗವೇ ಹೇಳಿಬಿಡುತ್ತದೆ. ಅದಕ್ಕೆ ಒಂದು ಮಾತೂ ಖರ್ಚಾಗುವುದಿಲ್ಲ.

ಇನ್ನೊಂದು. ಜಾತ್ರೆ ನಾಟಕದಲ್ಲಿ ಸೈಡ್ ಪರದೆ ಹಿಂದೆ ಮರೆತ ಮಾತು ಹೇಳಿಕೊಡುವ ಪ್ರಾಂಪ್ಟರ್ ಇರುತ್ತಿದ್ದ. ಪುಸ್ತಕ ಹಿಡಿದು, ಟಾರ್ಚ್ ಹಿಡಿದು. ನಾನು ಮೊದಮೊದಲು ಪಾತ್ರ ಮಾಡಿದ್ದು ಪೂರಾ ಅವರ ಬಲದಲ್ಲಿ. ಕೆಲವು ಊರಲ್ಲಿ ನಮಗಿಂತ ಮೊದಲು ಪ್ರಾಂಪ್ಟರ್ ದನಿ ಮೈಕಿಗೆ ಬೀಳುತ್ತಿತ್ತು. ಇಲ್ಲಿ ಆ ಆಸರೆ ಇಲ್ಲ. ಉದ್ದದ ನಾಟಕದಲ್ಲಿ ನಾಲ್ಕು ಮಾತು ಹಾರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹತ್ತು ನಿಮಿಷದಲ್ಲಿ ನಾಲ್ಕು ಮಾತು ಹಾರಿದರೆ ಕತೆಯೇ ಹಾರಿಹೋಯ್ತು. ಹಾಗಾಗಿ ನಿಮ್ಮ ಮಾತಿನ ಜೊತೆ ಅವಳ ಮಾತೂ ನಿಮಗೆ ಬರಬೇಕು, ಅವಳಿಗೆ ನಿಮ್ಮದು. ತಪ್ಪಿದರೆ ಎಲ್ಲಿಗೆ ಬಂದು ಕೂಡಿಕೊಳ್ಳುವುದು ಅಂತ ಮೂರು ಜಾಗ ಗೊತ್ತು ಮಾಡಿಟ್ಟುಕೊಳ್ಳಿ. ಮೊದಲ ಸಲ ಹತ್ತುವವಳು ಅಂದಿರಿ. ಆ ಮೂರು ಜಾಗ ಗೊತ್ತಿದ್ದರೆ ಅವಳ ಅರ್ಧ ಹೆದರಿಕೆ ಹೋಗುತ್ತದೆ.

ಕೋಡಿಬಾಗದವ

ಅಕ್ಕಾ, ಕೊಡೆ ವಿಷಯ ನಿನ್ನೆ ತಾಲೀಮಿನಲ್ಲಿ ಹೇಳಿದೆ. ಹುಡುಗಿ ಮೊದಲು ಒಳಗೆ ತಂದು ಮೂಲೆಗೆ ಇಟ್ಟಳು. ಆಮೇಲೆ ತಾನೇ ಬದಲಾಯಿಸಿ, ಮೆಟ್ಟಿಲ ಮೇಲೆ ಬಿಚ್ಚಿಯೇ ಇಟ್ಟಳು, ಬೇಗ ಹೊರಡುವವರು ಇಡುತ್ತಾರಲ್ಲ ಹಾಗೆ. ನಿರ್ದೇಶಕರು "ಇದು ಇರಲಿ" ಅಂದರು. ಅದರ ಬದಲು ಅವಳ "ನಾನು ಸಂಜೆ ಬಸ್ಸಿಗೇ ಹೋಗಬೇಕು ಅಪ್ಪಾ" ಅನ್ನುವ ಮಾತು ಹೋಯ್ತು. ಈ ಸಲ ಪೆನ್ಸಿಲ್ ನನ್ನ ಮಾತಿಗೆ ತಾಗಲಿಲ್ಲ ಅಂತ ಸಮಾಧಾನ.

ಮಾಸ್ತರ್ರೇ, ಒಡ್ಡೋಲಗದ ಮಾತು ತೆಗೆದದ್ದು ಒಳ್ಳೆಯದಾಯ್ತು. ತೆರೆ ಹಿಡಿದುಕೊಂಡು ಕುಣಿಯುವುದು ನೋಡುವವರಿಗೆ ಮಾತ್ರ ಅಲ್ಲ, ವೇಷಧಾರಿಗೂ ಬೇಕು. ಚೌಕಿಯಲ್ಲಿ ಬಣ್ಣ ಹಚ್ಚುತ್ತಾ ಕೂತಾಗಲೇ ಅರ್ಧ ಪಾತ್ರ ಆಗಿರುತ್ತದೆ, ತೆರೆಯ ಹಿಂದೆ ಚಂಡೆ ಪೆಟ್ಟಿಗೆ ಕಾಲು ಹಾಕುವಾಗ ಉಳಿದ ಅರ್ಧ. ನನಗೆ ಇಲ್ಲಿ ಬಣ್ಣವೂ ಇಲ್ಲ, ತೆರೆಯೂ ಇಲ್ಲ, ಪ್ರವೇಶವೂ ಇಲ್ಲ. ಲೈಟ್ ಬಂದಾಗ ಆಗಲೇ ಕೂತಿರುತ್ತೇನೆ. ಹಾಗಾಗಿ ನಾವು ಹೀಗೆ ಮಾಡಿದ್ದೇವೆ: ನಮಗಿಂತ ಹಿಂದಿನ ನಾಟಕ ನಡೆಯುವಾಗಲೇ ಸೈಡಿನಲ್ಲಿ ಕೂತು ಬಲೆ ಕಾಲಿಗೆ ಸಿಕ್ಕಿಸಿ ಹೆಣೆಯಲು ಶುರು ಮಾಡುತ್ತೇನೆ. ಕತ್ತಲಾದಾಗ ಎದ್ದು ಬಲೆ ಎತ್ತಿಕೊಂಡು ಸ್ಟೇಜಿಗೆ ಹೋಗಿ ಕೂರುತ್ತೇನೆ, ಕೈ ಮತ್ತೆ ಅದೇ ಕೆಲಸಕ್ಕೆ ಹತ್ತುತ್ತದೆ. ನನ್ನ ಒಡ್ಡೋಲಗ ಸೈಡಿನ ಕತ್ತಲೆಯಲ್ಲಿ ಆಗುತ್ತದೆ, ಯಾರೂ ನೋಡುವುದಿಲ್ಲ ಅಷ್ಟೇ.

ಲೈಟಿನವ

ಸೈಡಿನಲ್ಲಿ ಕೂತು ಹೆಣೆಯುತ್ತೀರಿ, ಸರಿ. ಬಲೆ ಎತ್ತಿಕೊಂಡು ಕತ್ತಲೆಯಲ್ಲಿ ಹೋಗುತ್ತೀರಿ, ಅಲ್ಲೇ ತಪ್ಪಿದ್ದು. ಎದುರಿನಿಂದ ಹಿಂದಿನ ತಂಡದವರು ಮೇಜು ಹೊತ್ತುಕೊಂಡು ಬರುತ್ತಿರುತ್ತಾರೆ. ಬಲೆ ಮೇಜಿನ ಕಾಲಿಗೆ ಸಿಕ್ಕಿತು ಅಂದರೆ ನಿಮ್ಮ 2 ನಿಮಿಷ ಅಲ್ಲೇ ಮುಗೀತು. ಒಂದು ತಾಡಪತ್ರಿ ತುಂಡು ತನ್ನಿ. ಬಲೆ ಪೂರ್ತಿ ಅದರ ಮೇಲೆ ಇರಲಿ. ಇಬ್ಬರು ಎರಡು ಮೂಲೆ ಹಿಡಿದು ಎಳೆದುಕೊಂಡು ಹೋದರೆ ಆಯ್ತು, ಮುಗಿದ ಮೇಲೆ ಹಾಗೇ ಎಳೆದುಕೊಂಡು ಹೊರಗೆ. ತಾಡಪತ್ರಿ ಮಳೆಗಾಲದ ಜಗಲಿಗೆ ಒಪ್ಪುತ್ತದೆ ಕೂಡ.

ನೆಲದ ಮೇಲೆ ಕತ್ತಲಲ್ಲಿ ಹೊಳೆಯುವ ಟೇಪ್ ಸಣ್ಣ ತುಂಡು ಹಚ್ಚಿ. ನಿಮ್ಮ ಜಾಗ ಎಲ್ಲಿ ಅಂತ ಅಂದಾಜಿನಲ್ಲಿ ಹೋಗಬೇಡಿ. ಹಬ್ಬದಲ್ಲಿ ಎಲ್ಲ ತಂಡಕ್ಕೂ ಒಂದೇ ಲೈಟ್ ಜೋಡಣೆ ಇರುತ್ತದೆ, ನಿಮಗೊಬ್ಬರಿಗೆ ಅಂತ ಏಣಿ ಹತ್ತಿ ತಿರುಗಿಸುವುದಿಲ್ಲ. ನೀವು ಒಂದಡಿ ಆಚೆ ಕೂತರೆ ಮುಖ ಕತ್ತಲು, ಬಲೆಗೆ ಬೆಳಕು.

ಎಲ್ಲ ತಂಡದವರೂ ಮಾಡುವ ಇನ್ನೊಂದು ಕೆಲಸ ಇದೆ. ಟೆಕ್ನಿಕಲ್ ತಾಲೀಮಿಗೆ ಅಂತ ಕೊಟ್ಟ ಸಮಯದಲ್ಲಿ ಪೂರ್ತಿ ನಾಟಕ ಆಡಲು ಕೂರುತ್ತಾರೆ. ದಯವಿಟ್ಟು ಬೇಡ. ಆ ಸಮಯ ನಮ್ಮದು. ಶುರುವಿನ ಲೈಟ್, ನಡುವೆ ಬದಲಾವಣೆ ಇದ್ದರೆ ಅದು, ಕೊನೆಯ ಲೈಟ್, ಸೌಂಡ್, ಸಾಮಾನು ಒಳಗೆ ಹೊರಗೆ, ಇಷ್ಟು ಮಾಡಿ. ಅಭಿನಯ ಮನೆಯಲ್ಲಿ ಮಾಡಿಕೊಂಡು ಬನ್ನಿ. ಮತ್ತೆ ಕೊನೆಯ ಕ್ಯೂ, ಅಂದರೆ ಲೈಟ್ ಆರಿಸಲು ನನಗೆ ಸಿಗುವ ಗುರುತು, ಮಾತಿನ ಮೇಲೆ ಇಡಬೇಡಿ, ಕೆಲಸದ ಮೇಲೆ ಇಡಿ. ಮಾತು ನೀವು ಮರೆಯಬಹುದು. ಸೂಜಿ ಕೆಳಗಿಟ್ಟದ್ದು ನನಗೆ ಕಾಣುತ್ತದೆ.

ಸದಾಶಿವಗಡ

ಒಳಗೆ ಯಾಕೆ ಮಾಡುತ್ತೀರಿ ಅಂತ ನನ್ನ ಪ್ರಶ್ನೆ. ಟಾಗೋರ್ ಬೀಚ್ ಇದೆಯಲ್ಲ! ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದಾಗ ಟಾಗೋರರು ಕಾರವಾರಕ್ಕೆ ಬಂದು ಇದ್ದದ್ದು, ಇಲ್ಲೇ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು, 1884ರಲ್ಲಿ ಅದು ಅಚ್ಚಾದದ್ದು ಎಲ್ಲರಿಗೂ ಗೊತ್ತು. ಬೀಚಿಗೆ ಹೆಸರು ಇಟ್ಟಿದ್ದೇವೆ, ಅಲ್ಲಿ ನಾಟಕ ಆಡುವುದಿಲ್ಲ. ಕಡಲ ಕತೆ ಕಡಲ ಎದುರೇ ಆಡಿ.

ಲೈಟಿನವ

ಆಗಸ್ಟ್‌ನಲ್ಲಿ ಬೀಚಿನಲ್ಲಾ? ಮೊದಲು ಪರದೆ ಗೋವಾಕ್ಕೆ ಹಾರಿಹೋಗುತ್ತದೆ, ಆಮೇಲೆ ನಟರು.

ತಮಾಷೆ ಬಿಡಿ. ಡಿಸೆಂಬರ್‌ನಲ್ಲಾದರೂ ಇಂಥ ನಾಟಕಕ್ಕೆ ಬಯಲು ಒಳ್ಳೆಯದಲ್ಲ. ಇವರ ನಾಟಕ ನಿಂತಿರುವುದು ಸೂಜಿ ನಿಲ್ಲುವುದರ ಮೇಲೆ. ಅಲೆಯ ಸದ್ದಿನಲ್ಲಿ, ಗೋಬಿ ಮಂಚೂರಿ ಗಾಡಿಯ ಸದ್ದಿನಲ್ಲಿ ಸೂಜಿ ನಿಂತದ್ದು ಯಾರಿಗೆ ಗೊತ್ತಾಗುತ್ತದೆ? ಬಯಲಿಗೆ ಚಂಡೆ ಬೇಕು.

ಹೊನ್ನಾವರ ಹೊಳೆಸಾಲು

ನಾಟಕದ ಭಾಷೆ ಯಾವುದು ಅಂತ ಯಾರೂ ಕೇಳಲಿಲ್ಲ. ಬೈತಖೋಲದ ತಾಂಡೇಲ ಮನೆಯಲ್ಲಿ ಮಗಳ ಜೊತೆ ಕೊಂಕಣಿ ಮಾತಾಡಬಹುದು. ನೀವು ಕನ್ನಡದಲ್ಲಿ ಆಡುತ್ತೀರಿ. ಪುಸ್ತಕದ ಕನ್ನಡ ಹೇಳಿಸುತ್ತೀರಾ, ಕಾರವಾರದ ಕನ್ನಡವಾ? ನಮ್ಮಲ್ಲಿ ಐವತ್ತು ಕಿಲೋಮೀಟರಿಗೆ ಮಾತು ಬದಲಾಗುತ್ತದೆ. ಶಿರಸಿಯ ಹವ್ಯಕರ ಮಾತು ಬೇರೆ, ಅಂಕೋಲೆಯ ಹಾಲಕ್ಕಿಗಳ ಮಾತು ಬೇರೆ, ನಾಡವರದು ಬೇರೆ. ದೊಡ್ಡ ನಾಟಕದಲ್ಲಿ ಹತ್ತು ನಿಮಿಷ ಕಿವಿ ಕೊಟ್ಟರೆ ಯಾವ ಮಾತಾದರೂ ಹಿಡಿಯುತ್ತದೆ. ನಿಮ್ಮಲ್ಲಿ ಇರುವುದೇ ಹತ್ತು ನಿಮಿಷ.

ಕೋಡಿಬಾಗದವ

ಇದಕ್ಕೆ ನಮ್ಮಲ್ಲಿ ಜಗಳವೇ ಆಗಿದೆ. ಸ್ಕ್ರಿಪ್ಟ್ ಬಂದದ್ದು ಶುದ್ಧ ಕನ್ನಡದಲ್ಲಿ. "ನಾನು ನಿನಗಾಗಿಯೇ ಈ ದೋಣಿಯನ್ನು ಉಳಿಸಿಕೊಂಡಿದ್ದೇನೆ" ಅಂತ. ಬಲೆ ಹಿಡಿದುಕೊಂಡು ಆ ಮಾತು ಹೇಳಲು ನನ್ನ ಬಾಯಿ ತಿರುಗಲಿಲ್ಲ. ಈಗ ಅದು "ಬೋಟು ಯಾರಿಗೆ ಇಟ್ಟದ್ದು ಮತ್ತೆ?" ಅಂತಾಗಿದೆ. ಮಗಳ ಮಾತು ಸ್ವಲ್ಪ ಪೇಟೆಯ ಕನ್ನಡ. ಸಿಟ್ಟು ಬಂದಾಗ ಮಾತ್ರ ಅವಳು ಅಪ್ಪನ ಮಾತಿಗೆ ಇಳಿಯುತ್ತಾಳೆ. ಒಂದೇ ಜಾಗದಲ್ಲಿ ಕೊಂಕಣಿ ಇದೆ, ಅವಳು ಅವನನ್ನು ಕರೆಯುವಾಗ. ಅದು ಯಾರಿಗಾದರೂ ತಿಳಿಯುತ್ತದೆ. ಘಟ್ಟದ ಮೇಲಿನಿಂದ ಬಂದ ಒಬ್ಬರು ತಾಲೀಮು ನೋಡಿ ಎಲ್ಲ ಅರ್ಥ ಆಯ್ತು ಅಂದರು. 'ತಾಂಡೇಲ' ಅಂದರೆ ಹೆಸರಾ ಅಂತ ಮಾತ್ರ ಕೇಳಿದರು.

ಅಂಕೋಲೆ ಅಕ್ಕ

ಭಾಷೆ ಹಾಗೇ ಇರಲಿ, ಮೆತ್ತಗೆ ಮಾಡಬೇಡಿ. ಶುರುವಿನ ಎರಡು ಮೂರು ಮಾತು ಮಾತ್ರ ಸಣ್ಣವು ಇರಲಿ, ಕೇಳಿದ ಕೂಡಲೇ ತಿಳಿಯುವಂಥವು. "ಬಂದ್ಯಾ?" "ಹ್ಞೂಂ." "ಊಟ?" ಕಿವಿ ಅಷ್ಟರಲ್ಲಿ ಹೊಂದಿಕೊಳ್ಳುತ್ತದೆ.

ಮಾಸ್ತರ್ರೇ, ಸಣ್ಣದರಲ್ಲಿ ಏನು ಉಳಿಯುತ್ತದೆ ಅಂತ ಕೇಳಿದಿರಿ. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರು ನಾಲ್ಕೇ ಸಾಲಿನಲ್ಲಿ ಇಡೀ ಊರಿನ ಬಣ್ಣ ಬಯಲು ಮಾಡಲಿಲ್ವಾ? ಆ ಚುಟುಕಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವರೇ ನೀವು ಇರಬೇಕು.

ಕುಮಟಾ ಮಾಸ್ತರು

ಹೌದು ತಂಗಿ, ಮಾಡಿಸಿದ್ದೇನೆ. ಆದರೆ ಚುಟುಕವನ್ನು ಎರಡನೇ ಸಲ ಓದಬಹುದು. ನಾಟಕವನ್ನು ಹಿಂದೆ ತಿರುಗಿಸಲಾಗುವುದಿಲ್ಲ. ಮತ್ತೆ ಒಂದೇ ಸಂಜೆ ಎಂಟು ಹತ್ತು ನಾಟಕ ಒಂದರ ಹಿಂದೆ ಒಂದು ಅಂದರೆ ಮೂರನೆಯದು ನೋಡುವಾಗ ಮೊದಲನೆಯದು ಮರೆತಿರುತ್ತದೆ. ಈ ಆಕ್ಷೇಪ ನಾನು ಬಿಡುವುದಿಲ್ಲ.

ಆದರೂ ನಾನು ಬಂದು ನೋಡುತ್ತೇನೆ.

ಸುಮ್ನೆ ಓದುವವಳು

ನಾಟಕದವಳಲ್ಲ, ನೋಡುವವಳು. ನೋಡುವವರ ಕಷ್ಟವೂ ಕೇಳಿ. ಇಂಥ ಹಬ್ಬ ಒಂದಕ್ಕೆ ಹೋಗಿದ್ದೆ, ಯಾವ ಊರು ಅಂತ ಬೇಡ. ಮೊದಲ ಮೂರು ನಾಟಕಕ್ಕೆ ಹಾಲ್ ತುಂಬಿತ್ತು. ಪ್ರತಿ ನಾಟಕ ಮುಗಿದ ಕೂಡಲೇ ಆ ತಂಡದ ಅಪ್ಪ ಅಮ್ಮ, ಚಿಕ್ಕಪ್ಪ, ಅತ್ತೆ ಎಲ್ಲ ಎದ್ದು ಫೋಟೋ ತೆಗೆಸಲು ಹೊರಗೆ. ಒಬ್ಬರೂ ವಾಪಸ್ ಬರಲಿಲ್ಲ. ಕೊನೆಯ ತಂಡದವರು ಖಾಲಿ ಕುರ್ಚಿಗಳಿಗೆ ಆಡಿದರು, ಅವರದ್ದೇ ಎಲ್ಲಕ್ಕಿಂತ ಚೆನ್ನಾಗಿತ್ತು. ನೀವು ಅಷ್ಟು ತಿಂಗಳು ಬೆವರು ಸುರಿಸುತ್ತೀರಿ, ನಿಮ್ಮ ಪಕ್ಕದ ತಂಡದವರ ನಾಟಕ ನೀವೇ ಕೂತು ನೋಡುವುದಿಲ್ಲ. ಇದಕ್ಕೆ ಯಾರಾದರೂ ತಾಲೀಮು ಕೊಡುತ್ತೀರಾ?

ಶಿರಸಿ ಮಾಣಿ

ನೂರಕ್ಕೆ ನೂರು ನಿಜ. ಚೀಟಿ ಎತ್ತಿ ಕ್ರಮ ಇಡುತ್ತಾರೆ, ಕೊನೆಯ ಚೀಟಿ ಬಂದವರ ಮುಖ ನೋಡಲಾಗುವುದಿಲ್ಲ. ಒಂದು ಕಡೆ ಸಂಘಟಕರು ಉಪಾಯ ಮಾಡಿದ್ದರು: ಎಲ್ಲ ತಂಡದವರೂ ಕೊನೆಯಲ್ಲಿ ಒಟ್ಟಿಗೆ ಸ್ಟೇಜಿಗೆ ಬಂದು ನಮಸ್ಕಾರ ಮಾಡುವುದು, ಫೋಟೋ ಆವಾಗಲೇ. ನಂಟರೆಲ್ಲ ಬೇರೆ ದಾರಿ ಇಲ್ಲದೆ ಕೂತರು. ಇನ್ನೊಂದು ಲಾಭ, ಒಂದೊಂದು ನಾಟಕ ಆದ ಮೇಲೆ ನಮಸ್ಕಾರಕ್ಕೆ ಹೋಗುವ ಸಮಯವೂ ಉಳಿಯಿತು.

ಅಣ್ಣಾ, ತಾಲೀಮು ಎಲ್ಲಿ ಮಾಡುತ್ತೀರಿ? ನಮ್ಮಲ್ಲಿ ಮಳೆಗಾಲಕ್ಕೆ ಜಾಗವೇ ಸಿಗುವುದಿಲ್ಲ.

ಕೋಡಿಬಾಗದವ

ಒಂದು ಶಾಲೆಯ ಹಾಲ್. ತಗಡಿನ ಮಾಡು. ಜುಲೈ ಮಳೆ ಹೊಡೆದರೆ ಎದುರು ಕೂತವಳ ಮಾತು ನನಗೆ ಕೇಳುವುದಿಲ್ಲ. ಮೊದಮೊದಲು ಕೂಗಿ ಹೇಳುತ್ತಿದ್ದೆವು, ಗಂಟಲು ಹೋಯ್ತು. ಆಮೇಲೆ ನಿರ್ದೇಶಕರು, ಮಳೆ ಜೋರಾದಾಗೆಲ್ಲ ಮಾತು ಬಿಟ್ಟು ಬರೀ ಕೆಲಸ ಮಾಡಿ ಅಂದರು. ಬಾಯಿ ಮುಚ್ಚಿಕೊಂಡು ಇಡೀ ನಾಟಕ. ಎಲ್ಲಿ ಅವಳು ನನ್ನ ಕಡೆ ನೋಡುತ್ತಾಳೆ, ಎಲ್ಲಿ ನಾನು ಬೇಕಂತಲೇ ನೋಡುವುದಿಲ್ಲ, ಎಲ್ಲಿ ಅವಳು ಬಲೆಯ ಇನ್ನೊಂದು ಅಂಚು ಹಿಡಿಯುತ್ತಾಳೆ. ನನ್ನ ಆ ಒಂದು ಪುಟದ ಮಾತು ಯಾಕೆ ಬೇಡ ಅಂತ ಅವರು ಬಾಯಲ್ಲಿ ಹೇಳಿದಾಗ ಒಪ್ಪಿರಲಿಲ್ಲ. ಮಳೆಯಲ್ಲಿ ಹೀಗೆ ಆಡಿದಾಗ ಒಪ್ಪಿದೆ, ಆದರೆ ಅವರಿಗೆ ಹೇಳಿಲ್ಲ.

ಇನ್ನು ಜಿಲ್ಲಾಧಿಕಾರಿಗಳು ಮಳೆ ಅಂತ ಶಾಲೆಗೆ ರಜೆ ಕೊಟ್ಟ ದಿನ ನಮಗೂ ಬೀಗ. ಈ ಜುಲೈನಲ್ಲಿ ಮಕ್ಕಳಿಗಿಂತ ಜಾಸ್ತಿ ರಜೆಯ ಸುದ್ದಿ ನೋಡಿದವರು ನಾವೇ.

ಬೇಲೇಕೇರಿ ಹುಡುಗ

ಅಣ್ಣ, ಒಂದು ಪ್ರಶ್ನೆ. ತಾಲೀಮಿನಲ್ಲಿ ದಿನಾ ಹೆಣೆಯುತ್ತೀರಿ. ಬಲೆ ರಿಪೇರಿ ಆಗಿ ಹೋಗುವುದಿಲ್ವಾ? ದಿನಾ ಹೊಸ ತೂತು ಎಲ್ಲಿಂದ?

ಕೋಡಿಬಾಗದವ

ಅಂತೂ ಒಬ್ಬರು ಕೇಳಿದಿರಿ! ಅದೇ ನಮ್ಮ ದೊಡ್ಡ ತಲೆಬಿಸಿ. ತಾಲೀಮು ಮುಗಿದ ಮೇಲೆ ಹೆಣೆದದ್ದನ್ನೆಲ್ಲ ಮತ್ತೆ ಕತ್ತರಿಸಬೇಕು, ಮರುದಿನಕ್ಕೆ ತೂತು ಬೇಕಲ್ಲ. ತೂತು ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ ಹೋಗಿದೆ. ಬಲೆ ಕೊಟ್ಟ ಅಜ್ಜ ಒಂದು ದಿನ ತಾಲೀಮು ನೋಡಲು ಬಂದಿದ್ದರು. ನಾಟಕ ನೋಡಿದ್ದು ಕಡಿಮೆ, ಬಲೆ ನೋಡಿದ್ದು ಜಾಸ್ತಿ. ನಿಷೇಧ ಮುಗಿದ ಕೂಡಲೇ ಬೋಟು ಇಳಿಯುತ್ತದೆ, ಅವರಿಗೆ ಬಲೆ ಬೇಕೇ ಬೇಕು. ನಮ್ಮ ಶೋ ಅದರ ನಂತರ. ಯಾರ ಹತ್ತಿರವಾದರೂ ಎಸೆಯುವ ಹಳೆ ಬಲೆ ಇದ್ದರೆ ಹೇಳಿ.

ಬೇಲೇಕೇರಿ ಹುಡುಗ

ನಮ್ಮ ಮನೆ ಹಿಂದೆ ಒಂದು ರಾಶಿ ಬಿದ್ದಿದೆ. ಕೆಲವು ತೆಂಗಿನ ಸಸಿಗೆ ಬೇಲಿ ಆಗಿವೆ, ಉಳಿದದ್ದು ತಗೊಂಡು ಹೋಗಿ. ತೂತು ನೀವು ಮಾಡಬೇಕಾಗಿಲ್ಲ, ಬೇಕಾದಷ್ಟು ಇವೆ. ಒಂದೇ ವಿಷಯ, ವಾಸನೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಮುಂದಿನ ಸಾಲಿನಲ್ಲಿ ಅತಿಥಿಗಳನ್ನು ಕೂರಿಸುತ್ತಾರಲ್ಲ, ಮೊದಲೇ ಹೇಳಿಬಿಡಿ.

ಲೈಟಿನವ

ತಾಡಪತ್ರಿ ಎರಡು ತನ್ನಿ. ನಿಮ್ಮ ನಂತರದ ತಂಡದವರು ಅದೇ ನೆಲದ ಮೇಲೆ ಮಲಗುವ ದೃಶ್ಯ ಇದ್ದರೆ ನನ್ನನ್ನು ಬೈಯುತ್ತಾರೆ.

ಕೋಡಿಬಾಗದವ

ವಾಸನೆ ಇರಲಿ, ಆ ಒಂದು ಪುಟದ ಮಾತಿನ ಕೆಲಸ ಅದೇ ಮಾಡುತ್ತದೆ. ತಮ್ಮಾ, ಭಾನುವಾರ ಬೆಳಿಗ್ಗೆ ಟೆಂಪೋ ತಗೊಂಡು ಬರುತ್ತೇನೆ. ಸಸಿಯ ಬೇಲಿಗೆ ಕೈ ಹಾಕುವುದಿಲ್ಲ ಅಂತ ಅಮ್ಮನಿಗೆ ಹೇಳು.